ಗಡಿಯಾಚೆಯ ಶಾಲೆಗೆ ತರಬೇತಿ ಶಿಕ್ಷಕ: ನೆರವು ಎಷ್ಟು, ಹೊಣೆ ಯಾರದು?

ಶಿಕ್ಷಕ ತರಬೇತಿಯಲ್ಲಿರುವ ಯುವಕ ಯುವತಿಯರಿಗೆ ಪರನಾಡಿನ ಶಾಲೆಯೊಂದರಲ್ಲಿ ಕೆಲವು ತಿಂಗಳು ಸ್ವಯಂಸೇವಕರಾಗಿ ಪಾಠ ಮಾಡಿ ಬರುವ ಆಸೆ ಇರುವುದು ಸಹಜ. ಕೆಲವರು ನೇಪಾಳದ ಕಡೆ ನೋಡುತ್ತಾರೆ, ಕೆಲವರು ಆಫ್ರಿಕದ ಕಡೆ, ಇನ್ನು ಕೆಲವರು ಜಪಾನಿನ ಕಡೆ. ಬೀದರ್, ಕಲಬುರಗಿಯ ತರಬೇತಿ ವಿದ್ಯಾರ್ಥಿಗಳು ಅಷ್ಟು ದೂರ ಹೋಗಬೇಕಿಲ್ಲ. ಬೀದರಿನಲ್ಲಿ ಬಸ್ಸು ಹತ್ತಿದರೆ ಸುಮಾರು 30 ಕಿಲೋಮೀಟರಿಗೆ ಜಹೀರಾಬಾದ್ ಸಿಗುತ್ತದೆ. ಅಲ್ಲಿ ಪಠ್ಯಪುಸ್ತಕ ಬೇರೆ, ಪರೀಕ್ಷಾ ಮಂಡಳಿ ಬೇರೆ, ರಜೆಯ ಪಟ್ಟಿ ಬೇರೆ, ಶಿಕ್ಷಕರ ನೇಮಕಾತಿ ನಿಯಮ ಬೇರೆ. ಹಲವು ಹಳ್ಳಿಗಳಲ್ಲಿ ಮಕ್ಕಳು ಮನೆಯಲ್ಲಿ ಆಡುವ ಮಾತು ಮಾತ್ರ ಕನ್ನಡವೇ. ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು, ತೆಲಂಗಾಣದ ಈ ಮೂರು ಪಟ್ಟಣಗಳ ಸುತ್ತಲಿನ ಪ್ರದೇಶ ನಮ್ಮ ತರಬೇತಿ ಶಿಕ್ಷಕರಿಗೆ ಅತಿ ಹತ್ತಿರದ ಪರನಾಡು.

ಹಾಗಾದರೆ ಅಲ್ಲಿಗೆ ಹೋಗಿ ಪಾಠ ಮಾಡಬಹುದೇ? ಯಾರ ಅನುಮತಿ ಬೇಕು? ಹೋದವರು ಏನು ಕಲಿಸಬೇಕು? ಅವರು ವಾಪಸು ಬಂದ ಮೇಲೆ ಮಕ್ಕಳ ಗತಿ ಏನು? ಉತ್ಸಾಹ ಇದ್ದರೆ ಸಾಕು ಎನ್ನುವವರೂ ಇದ್ದಾರೆ, ಇದೆಲ್ಲ ಸರ್ಕಾರದ ಕೆಲಸ, ನಮಗೇಕೆ ಎನ್ನುವವರೂ ಇದ್ದಾರೆ. ಎರಡೂ ಅರ್ಧ ಸತ್ಯ. ವಿಷಯವನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಒಂದು ಕಾಯಿದೆ, ಮೂರು ತಾಲ್ಲೂಕು

ಮೊದಲು ಇತಿಹಾಸದ ಸಣ್ಣ ಹಿನ್ನೆಲೆ ಬೇಕು. ಹೈದರಾಬಾದ್ ಸಂಸ್ಥಾನದ ಕಾಲದಲ್ಲೂ, ನಂತರದ ಹೈದರಾಬಾದ್ ರಾಜ್ಯದಲ್ಲೂ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಗೆ ಸೇರಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕಾಗಿತ್ತು. 1956ರ ರಾಜ್ಯಗಳ ಪುನರ್ವಿಂಗಡಣೆ ಕಾಯಿದೆ ಈ ಚಿತ್ರವನ್ನು ಬದಲಿಸಿತು. ಬೀದರ್ ಜಿಲ್ಲೆಯಿಂದ ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು ಮತ್ತು ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಆಂಧ್ರಪ್ರದೇಶಕ್ಕೆ ಹೋದವು. ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಹೋದವು. 1956ರ ನವೆಂಬರ್ 1ರಿಂದ ಇದು ಜಾರಿಗೆ ಬಂತು.

ಆ ಮೇಲೆ ಜಹೀರಾಬಾದ್ ಮತ್ತು ನಾರಾಯಣಖೇಡ ಮೇದಕ್ ಜಿಲ್ಲೆಯಲ್ಲಿದ್ದವು. 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. 2016ರ ಅಕ್ಟೋಬರಿನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದಾಗ ಇವೆರಡೂ ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಸೇರಿದವು. ಅಂದರೆ ಜನ ಇದ್ದಲ್ಲೇ ಇದ್ದರು, ಆಡಳಿತ ಮಾತ್ರ ಮೇಲಿಂದ ಮೇಲೆ ಬದಲಾಯಿತು. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಬೀದರ್ ಕಡೆಯ ಭಕ್ತರು ಈಗಲೂ ಹೋಗುತ್ತಾರೆ. ತಾಂಡೂರಿನ ಭಾವಿಗಿ ಭದ್ರೇಶ್ವರ ಜಾತ್ರೆಗೆ ಗಡಿಯ ಎರಡೂ ಕಡೆಯವರು ಸೇರುತ್ತಾರೆ. ಹೆಣ್ಣು ಕೊಡುವುದು, ತರುವುದು, ಸಂತೆ, ಕೂಲಿ ಎಲ್ಲವೂ ಹಿಂದಿನಂತೆಯೇ ನಡೆದಿದೆ. ಗಡಿ ಬಲವಾಗಿ ನಿಂತಿರುವುದು ಶಾಲೆಯ ಬಾಗಿಲಲ್ಲಿ.

ಗಡಿ ಎಳೆದವರಿಗೆ ಈ ತೊಡಕು ಗೊತ್ತಿರಲಿಲ್ಲ ಎಂದಲ್ಲ. ಅದೇ 1956ರಲ್ಲಿ ಸಂವಿಧಾನಕ್ಕೆ ಏಳನೇ ತಿದ್ದುಪಡಿ ತಂದು 350ಎ ವಿಧಿಯನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕು ಎಂದು ಅದು ಹೇಳುತ್ತದೆ. ಅದಕ್ಕೂ ಮೊದಲೇ, 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಲೆಕ್ಕವನ್ನು ಒಪ್ಪಿಕೊಂಡಿತ್ತು. ಒಂದು ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯಲ್ಲಿ ಕಲಿಸುವ ಶಿಕ್ಷಕರನ್ನು ಕೊಡಬೇಕು ಎಂಬುದೇ ಆ ಲೆಕ್ಕ. ಅಲ್ಪಸಂಖ್ಯಾತ ಭಾಷೆಗಳ ಶಾಲೆಗಳ ಬಗ್ಗೆ ಮುಂದೆ ನಡೆದ ಚರ್ಚೆಗಳಿಗೆಲ್ಲ ಇದೇ ಅಳತೆಗೋಲಾಯಿತು. ಆದ್ದರಿಂದ ಗಡಿಯ ಮಕ್ಕಳಿಗೆ ಕನ್ನಡದಲ್ಲಿ ಕಲಿಸುವುದು ಯಾರೋ ಮಾಡುವ ದಾನ ಅಲ್ಲ, ಸಂವಿಧಾನವೇ ರಾಜ್ಯಕ್ಕೆ ಹೊರಿಸಿದ ಕೆಲಸ. ಸ್ವಯಂಸೇವೆಯ ಮಾತು ಬರುವ ಮುನ್ನ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಮಗುವಿನ ಮುಂದೆ ಎಷ್ಟು ಭಾಷೆ?

ಈ ಭಾಗದ ಹಳ್ಳಿಯ ಮಗು ಒಂದೇ ಭಾಷೆಯಲ್ಲಿ ಬೆಳೆಯುವುದಿಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ ಉರ್ದು, ಸಂತೆಯಲ್ಲಿ ತೆಲುಗು, ಕೆಲವು ಕಡೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ. ಐದು ವರ್ಷದ ಮಗು ಇವುಗಳಲ್ಲಿ ಎರಡು ಮೂರನ್ನು ಸಲೀಸಾಗಿ ಆಡುತ್ತದೆ. ಆಡುವ ಭಾಷೆ ಹೆಚ್ಚಿದ್ದಷ್ಟೂ ಒಳ್ಳೆಯದೇ. ತೊಡಕು ಬರುವುದು ಓದು ಬರಹ ಶುರುವಾದಾಗ.

2018ರಲ್ಲಿ ತೆಲಂಗಾಣ ಸರ್ಕಾರ ಎಲ್ಲ ಶಾಲೆಗಳಲ್ಲೂ ತೆಲುಗು ಕಡ್ಡಾಯ ಮಾಡುವ ಕಾಯಿದೆ ತಂದಿತು. 2018–19ರಲ್ಲಿ ಒಂದು ಮತ್ತು ಆರನೇ ತರಗತಿಯಿಂದ ಹಂತಹಂತವಾಗಿ ಜಾರಿ ಆರಂಭವಾಯಿತು. ಇದರಲ್ಲಿ ತಪ್ಪು ಹುಡುಕುವಂತಿಲ್ಲ. ಕರ್ನಾಟಕವೂ 2015ರಲ್ಲಿ ಕನ್ನಡ ಕಲಿಕೆಗೆ ಇಂಥದ್ದೇ ಕಾಯಿದೆ ಮಾಡಿದೆ. ಆಮೇಲೆ 2022–23ರಿಂದ ತೆಲಂಗಾಣದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಎಂಟನೇ ತರಗತಿವರೆಗೆ ಇಂಗ್ಲಿಷ್ ಮಾಧ್ಯಮ ಬಂತು. ಅದಕ್ಕಾಗಿ ಒಂದು ಪುಟದಲ್ಲಿ ಇಂಗ್ಲಿಷ್, ಎದುರು ಪುಟದಲ್ಲಿ ತೆಲುಗು ಇರುವ ದ್ವಿಭಾಷಾ ಪುಸ್ತಕಗಳನ್ನು ಅಚ್ಚು ಮಾಡಲಾಯಿತು. ತೆಲುಗು ಮನೆಯ ಮಗುವಿಗೆ ಇದು ಅನುಕೂಲ: ಇಂಗ್ಲಿಷ್ ತಿಳಿಯದಿದ್ದರೆ ಪಕ್ಕದ ಪುಟ ಇದೆ. ಕನ್ನಡ ಮನೆಯ ಮಗುವಿಗೆ ಎರಡೂ ಪುಟ ಹೊಸವು. ಶಿಕ್ಷಕರು ಹೇಳಿದ್ದು ತಿಳಿಯದೆ ಸುಮ್ಮನೆ ಕುಳಿತ ಮಗುವನ್ನು ದಡ್ಡ ಎಂದು ಭಾವಿಸುವ ಅಪಾಯ ಇಲ್ಲಿಂದ ಶುರುವಾಗುತ್ತದೆ. ಒಂದನೇ, ಎರಡನೇ ತರಗತಿಯಲ್ಲಿ ಹೀಗೆ ಹಿಂದೆ ಬಿದ್ದ ಮಗು ಐದನೇ ತರಗತಿಗೆ ಬರುವ ಹೊತ್ತಿಗೆ ಗಣಿತದಲ್ಲೂ ಹಿಂದೆ ಬಿದ್ದಿರುತ್ತದೆ. ಯಾಕೆಂದರೆ ಲೆಕ್ಕದ ಪ್ರಶ್ನೆಯನ್ನೂ ಓದಿ ಅರ್ಥ ಮಾಡಿಕೊಳ್ಳಬೇಕು.

ಕನ್ನಡ ಮಾಧ್ಯಮದ ಶಾಲೆಗಳ ಕಥೆ ಬೇರೆ. ಅಲ್ಲಿ ಭಾಷೆ ಕನ್ನಡವಾದರೂ ಪಠ್ಯಕ್ರಮ ತೆಲಂಗಾಣದ್ದು. ಹಾಗಾಗಿ ಕರ್ನಾಟಕದಲ್ಲಿ ತರಬೇತಾದವರು ತಮ್ಮ ಟಿಪ್ಪಣಿಗಳನ್ನು ಹಾಗೇ ಕೊಂಡೊಯ್ದು ಪಾಠ ಮಾಡಲು ಆಗುವುದಿಲ್ಲ. ಸಮಾಜ ವಿಜ್ಞಾನದ ಪುಸ್ತಕ ತೆರೆದರೆ ನದಿ, ಜಿಲ್ಲೆ, ಚಳವಳಿ, ಆಡಳಿತ ವ್ಯವಸ್ಥೆ ಎಲ್ಲವೂ ತೆಲಂಗಾಣದ ಕಣ್ಣಿನಿಂದ ಬಂದಿರುತ್ತವೆ. ಹೋಗುವವರು ಮೊದಲು ಆ ಪುಸ್ತಕಗಳನ್ನು ತಾವು ಓದಿಕೊಳ್ಳಬೇಕು.

ಹುದ್ದೆಗೆ ಜನ ಸಿಗದ ಸುತ್ತು

ಗಡಿಯ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಯಾಕೆ ಸಿಗುವುದಿಲ್ಲ? ಬೀದರ್‌ನಲ್ಲಿ ಡಿ.ಎಲ್.ಇಡಿ., ಬಿ.ಇಡಿ. ಮುಗಿಸಿ ಕೆಲಸಕ್ಕೆ ಕಾದಿರುವವರು ಇದ್ದಾರಲ್ಲ, ಅವರನ್ನು ನೇಮಿಸಿಕೊಂಡರೆ ಮುಗಿಯಿತು ಎಂದು ಹೊರಗಿನವರಿಗೆ ಅನ್ನಿಸಬಹುದು. ಕಾನೂನು ಅಷ್ಟು ಸುಲಭವಾಗಿಲ್ಲ.

ತೆಲಂಗಾಣಕ್ಕೆ ಸಂವಿಧಾನದ 371ಡಿ ವಿಧಿ ಅನ್ವಯಿಸುತ್ತದೆ. ಅದರ ಅಡಿಯಲ್ಲಿ ಹೊರಟ 2018ರ ರಾಷ್ಟ್ರಪತಿ ಆದೇಶದ ಪ್ರಕಾರ ಜಿಲ್ಲಾ ಮಟ್ಟದ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 95ರಷ್ಟು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲು. ಸ್ಥಳೀಯರು ಎನ್ನಿಸಿಕೊಳ್ಳಲು ಒಂದರಿಂದ ಏಳನೇ ತರಗತಿಯ ನಡುವೆ ನಾಲ್ಕು ವರ್ಷವಾದರೂ ಅಲ್ಲೇ ಓದಿರಬೇಕು. ಬೀದರ್‌ನಲ್ಲಿ ಓದಿದವರು ಸಂಗಾರೆಡ್ಡಿ ಜಿಲ್ಲೆಗೆ ಹೊರಗಿನವರು. ಇತ್ತ ಕರ್ನಾಟಕದಲ್ಲಿ ಬೀದರ್, ಕಲಬುರಗಿಗೆ 371ಜೆ ವಿಧಿಯ ಸೌಲಭ್ಯ ಇದೆ; ಜಹೀರಾಬಾದಿನವರು ಅದರ ವ್ಯಾಪ್ತಿಯಿಂದ ಹೊರಗೆ. ಹೀಗೆ ಒಂದು ಕಾಲಕ್ಕೆ ಒಂದೇ ಜಿಲ್ಲೆಯವರಾಗಿದ್ದವರ ಮೊಮ್ಮಕ್ಕಳು ಇಂದು ಎರಡು ವಿಶೇಷ ವಿಧಿಗಳ ಎರಡು ಬದಿಯಲ್ಲಿ ನಿಂತಿದ್ದಾರೆ.

ಎರಡೂ ವಿಧಿಗಳ ಉದ್ದೇಶ ಒಳ್ಳೆಯದೇ, ಹಿಂದುಳಿದ ಪ್ರದೇಶದ ಯುವಕರಿಗೆ ಅಲ್ಲಿನ ಕೆಲಸ ಸಿಗಲಿ ಎಂಬುದು. ಆದರೆ ಗಡಿಯ ಕನ್ನಡ ಶಾಲೆಯ ಮಟ್ಟಿಗೆ ಇದು ಒಂದು ಸುತ್ತು ಸೃಷ್ಟಿಸುತ್ತದೆ. ಸ್ಥಳೀಯ ಅರ್ಹತೆಯಿದ್ದು, ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಕಲಿಸುವ ತರಬೇತಿ ಪಡೆದವರು ವಿರಳ. ತೆಲಂಗಾಣದ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಭಾಷೆ ಒಂದರ ಜಾಗದಲ್ಲಿ ಕನ್ನಡ ಆಯ್ದುಕೊಳ್ಳಲು ಅವಕಾಶ ಇದ್ದರೂ ಅದನ್ನು ಬಳಸಿಕೊಳ್ಳುವ ಸ್ಥಳೀಯರು ಮೊದಲು ತಯಾರಾಗಬೇಕಲ್ಲ. ಅರ್ಹರಿಲ್ಲದಿದ್ದರೆ ಹುದ್ದೆ ಖಾಲಿ ಉಳಿಯುತ್ತದೆ. ಹುದ್ದೆ ಖಾಲಿ ಇದ್ದರೆ ತಂದೆತಾಯಿ ಮಗುವನ್ನು ಬೇರೆ ಶಾಲೆಗೆ ಹಾಕುತ್ತಾರೆ. ಮಕ್ಕಳು ಕಡಿಮೆಯಾದರೆ ಕನ್ನಡ ಶಿಕ್ಷಕರ ಬೇಡಿಕೆಯೇ ಇಲ್ಲ ಎಂದು ಕಡತದಲ್ಲಿ ಬರೆಯುವುದು ಸುಲಭ. ಆ ಶಾಲೆಯಿಂದ ಮುಂದಿನ ಪೀಳಿಗೆಯ ಶಿಕ್ಷಕರೂ ಹೊರಬರುವುದಿಲ್ಲ.

ಕಾಸರಗೋಡಿನಲ್ಲಿ ಇದೇ ತೊಂದರೆ ಇನ್ನೊಂದು ರೂಪದಲ್ಲಿದೆ. ಅಲ್ಲಿ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗಲೆಲ್ಲ ಮಕ್ಕಳು, ಪೋಷಕರು ಪ್ರತಿಭಟಿಸಿದ್ದಾರೆ. ಅಲ್ಲಿ ಸಂಘಟನೆ ಬಲವಾಗಿದೆ, ಪತ್ರಿಕೆಗಳಿವೆ, ಆದ್ದರಿಂದ ಸುದ್ದಿ ಹೊರಗೆ ಬರುತ್ತದೆ. ಜಹೀರಾಬಾದ್, ನಾರಾಯಣಖೇಡದ ಕಡೆ ಅಂಥ ದನಿ ಕಡಿಮೆ.

ಹೋಗುವ ದಾರಿಗಳು

ಈಗ ತರಬೇತಿ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಗಡಿಯಾಚೆಯ ಶಾಲೆಗೆ ಹೋಗಲು ಸ್ಥೂಲವಾಗಿ ಮೂರು ದಾರಿಗಳಿವೆ.

ಮೊದಲನೆಯದು ಇಂಟರ್ನ್‌ಶಿಪ್. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ನಂತರ ಬಿ.ಇಡಿ. ಎರಡು ವರ್ಷದ ಕೋರ್ಸಾಯಿತು. ಅದರಲ್ಲಿ ಒಟ್ಟು 20 ವಾರ ಶಾಲೆಯಲ್ಲಿ ಕಳೆಯಬೇಕು: ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಯಾವ ಶಾಲೆ ಎಂಬುದನ್ನು ಸಾಮಾನ್ಯವಾಗಿ ಕಾಲೇಜು, ವಿಶ್ವವಿದ್ಯಾಲಯ ಮತ್ತು ಶಿಕ್ಷಣ ಇಲಾಖೆ ಸೇರಿ ತೀರ್ಮಾನಿಸುತ್ತವೆ. ಬೇರೆ ರಾಜ್ಯದ ಶಾಲೆಯಾದರೆ ಆ ಜಿಲ್ಲೆಯ ವಿದ್ಯಾಧಿಕಾರಿಯ ಲಿಖಿತ ಒಪ್ಪಿಗೆ ಮತ್ತು ತನ್ನ ವಿಶ್ವವಿದ್ಯಾಲಯದ ಮಾನ್ಯತೆ ಎರಡನ್ನೂ ಮೊದಲೇ ಪಡೆಯಬೇಕು. ಇಲ್ಲದಿದ್ದರೆ ಅಲ್ಲಿ ಕಳೆದ ದಿನಗಳು ಅಂಕಪಟ್ಟಿಗೆ ಬರುವುದಿಲ್ಲ.

ಎರಡನೆಯದು ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ. 2016ರಲ್ಲಿ ಆರಂಭವಾದ ಈ ಯೋಜನೆ 2021ರ ಸೆಪ್ಟೆಂಬರಿನಲ್ಲಿ ವಿದ್ಯಾಂಜಲಿ 2.0 ಆಗಿ ಮತ್ತೆ ಬಂತು. ಸರ್ಕಾರಿ ಶಾಲೆ ತನಗೆ ಏನು ಬೇಕು ಎಂದು ದಾಖಲಿಸುತ್ತದೆ. ನೆರವಾಗಲು ಇಚ್ಛಿಸುವವರು ಹೆಸರು ನೋಂದಾಯಿಸಿ ಆ ಶಾಲೆಯನ್ನು ಸಂಪರ್ಕಿಸುತ್ತಾರೆ. ದೇಶವ್ಯಾಪಿ ಯೋಜನೆಯಾದ್ದರಿಂದ ರಾಜ್ಯದ ಗಡಿ ಇಲ್ಲಿ ಅಡ್ಡ ಬರುವುದಿಲ್ಲ. ಆದರೆ ಇದು ಬೆಂಬಲ ಸೇವೆ. ಹೋದವರು ಖಾಯಂ ಶಿಕ್ಷಕರ ಜಾಗ ತುಂಬುವಂತಿಲ್ಲ.

ಮೂರನೆಯದು ಮಠ, ಕನ್ನಡ ಸಂಘ, ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಂಜೆ ತರಗತಿ ಅಥವಾ ರಜಾ ಶಿಬಿರ. ನಿಯಮಗಳ ಬಿಗಿ ಇಲ್ಲಿ ಕಡಿಮೆ. ಹಾಗೆಯೇ ಮಗುವಿನ ಶಾಲೆಯ ಕಲಿಕೆಯೊಂದಿಗೆ ನಂಟೂ ಕಡಿಮೆ.

ಯಾವ ತರಗತಿಗೆ ಯಾರು ಎಂಬುದೂ ಮುಖ್ಯ. ಒಂದರಿಂದ ಐದನೇ ತರಗತಿಯ ಶಿಕ್ಷಕರ ಹುದ್ದೆಗೆ ಬಿ.ಇಡಿ. ಅರ್ಹತೆ ಸಾಲದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿದೆ. ಪುಟ್ಟ ಮಕ್ಕಳಿಗೆ ಓದು ಕಲಿಸುವ ವಿದ್ಯೆ ಬೇರೆ, ಅದಕ್ಕೆ ಡಿ.ಎಲ್.ಇಡಿ. ತರಬೇತಿ ಇದೆ ಎಂಬುದು ಅದರ ತಿರುಳು. ತೀರ್ಪು ನೇಮಕಾತಿಗೆ ಸಂಬಂಧಿಸಿದ್ದು, ಸ್ವಯಂಸೇವೆಗೆ ಅಲ್ಲ. ಆದರೂ ವಿವೇಕ ಒಂದೇ: ಚಿಕ್ಕ ತರಗತಿಗಳಿಗೆ ಡಿ.ಎಲ್.ಇಡಿ. ವಿದ್ಯಾರ್ಥಿಗಳು, ಆರರಿಂದ ಹತ್ತರವರೆಗೆ ಬಿ.ಇಡಿ. ವಿದ್ಯಾರ್ಥಿಗಳು ಹೋಗುವುದು ಸರಿ.

ವೇಳಾಪಟ್ಟಿಯನ್ನೂ ನೋಡಿಕೊಳ್ಳಬೇಕು. ಕರ್ನಾಟಕದ ಶಾಲೆಗಳು ಸಾಮಾನ್ಯವಾಗಿ ಮೇ ಕೊನೆಗೆ ತೆರೆದು ಏಪ್ರಿಲ್ ಎರಡನೇ ವಾರಕ್ಕೆ ಮುಚ್ಚುತ್ತವೆ. ತೆಲಂಗಾಣದಲ್ಲಿ ಜೂನ್ ಎರಡನೇ ವಾರದಿಂದ ಏಪ್ರಿಲ್ ನಾಲ್ಕನೇ ವಾರದವರೆಗೆ ಶಾಲೆ ಇರುತ್ತದೆ. ನಡುವೆ ಬತುಕಮ್ಮ, ದಸರಾ ರಜೆ ಎರಡು ವಾರದ ಹತ್ತಿರ ಹೋಗುತ್ತದೆ. ಆ ರಜೆಗೆ ಸರಿಯಾಗಿ ಊರಿಗೆ ಬಂದಿಳಿದು ಖಾಲಿ ಕೋಣೆ ನೋಡಿ ವಾಪಸಾಗುವುದು ಯಾರಿಗೂ ಬೇಡ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗಿನ ಅವಧಿ ಒಂದೇ ಓಟದಲ್ಲಿ ಕೆಲಸ ಮಾಡಲು ಅನುಕೂಲ.

ಜಪಾನ್ ಮತ್ತು ಮುಂಬೈ ಕಲಿಸಿದ ಪಾಠ

ಸ್ವಯಂಸೇವಕರಿಂದ ನಿಜಕ್ಕೂ ಕಲಿಕೆ ಆಗುತ್ತದೆಯೇ? ಇದಕ್ಕೆ ಕೆಲವು ಅನುಭವಗಳನ್ನು ನೋಡಬಹುದು.

ಜಪಾನ್ 1987ರಲ್ಲಿ ಜೆಟ್ ಎಂಬ ವಿನಿಮಯ ಕಾರ್ಯಕ್ರಮ ಆರಂಭಿಸಿತು. ಇಂಗ್ಲಿಷ್ ಮಾತಾಡುವ ದೇಶಗಳ ಪದವೀಧರರನ್ನು ಕರೆಸಿ ಅಲ್ಲಿನ ಶಾಲೆಗಳಿಗೆ ಕಳಿಸುವ ಕೆಲಸ ಅದು. ಅವರಿಗೆ ಸಂಬಳ ಉಂಟು, ಆದ್ದರಿಂದ ಅದು ಶುದ್ಧ ಸ್ವಯಂಸೇವೆ ಅಲ್ಲ. ನಾವು ಗಮನಿಸಬೇಕಾದದ್ದು ಅದರ ರಚನೆ. ಹೊರಗಿನಿಂದ ಬಂದವರ ಹುದ್ದೆಯ ಹೆಸರೇ ಸಹಾಯಕ ಭಾಷಾ ಶಿಕ್ಷಕ. ತರಗತಿಯ ಹೊಣೆ ಜಪಾನಿ ಶಿಕ್ಷಕರದು. ಪಾಠ ಯೋಜನೆ, ಪರೀಕ್ಷೆ, ಶಿಸ್ತು ಅವರ ಕೈಯಲ್ಲಿ. ಸಹಾಯಕರು ಪಕ್ಕದಲ್ಲಿ ನಿಂತು ತಮಗೆ ಚೆನ್ನಾಗಿ ಬರುವ ಭಾಷೆಯನ್ನು ಮಕ್ಕಳ ಬಾಯಿಗೆ ತರುತ್ತಾರೆ. ಅವರು ಹೊರಟುಹೋದರೂ ತರಗತಿ ಅನಾಥವಾಗುವುದಿಲ್ಲ.

ಎರಡನೆಯದು ನಮ್ಮ ದೇಶದ್ದೇ. ಪ್ರಥಮ್ ಸಂಸ್ಥೆಯ ಬಾಲಸಖಿ ಕಾರ್ಯಕ್ರಮವನ್ನು 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರದ ಶಾಲೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತಿತರರು ಪರೀಕ್ಷೆಗೆ ಒಡ್ಡಿದರು. ಬಾಲಸಖಿಯರು ಅದೇ ಬಡಾವಣೆಯ, ಪ್ರೌಢಶಾಲೆ ಮುಗಿಸಿದ ಯುವತಿಯರು. ಮೂರು, ನಾಲ್ಕನೇ ತರಗತಿಯಲ್ಲಿ ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪಕ್ಕಕ್ಕೆ ಕರೆದು ಮೂಲ ಓದು, ಮೂಲ ಲೆಕ್ಕ ಕಲಿಸಿದರು. ಮಕ್ಕಳ ಕಲಿಕೆ ಗಣನೀಯವಾಗಿ ಸುಧಾರಿಸಿತು. ಅತಿ ಹಿಂದೆ ಇದ್ದವರಿಗೇ ಹೆಚ್ಚು ಲಾಭವಾಯಿತು. ಆದರೆ ಕಾರ್ಯಕ್ರಮ ನಿಂತ ಒಂದು ವರ್ಷದ ಮೇಲೆ ನೋಡಿದಾಗ ಆ ಲಾಭದ ದೊಡ್ಡ ಪಾಲು ಕರಗಿತ್ತು.

ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಹಳ್ಳಿಯ ಸ್ವಯಂಸೇವಕರು ಶಾಲೆಯ ಹೊರಗೆ ಓದಿನ ಶಿಬಿರ ನಡೆಸಿದಾಗ ಇನ್ನೊಂದು ಸಂಗತಿ ಕಂಡಿತು. ಶಿಬಿರಕ್ಕೆ ಬಂದ ಮಕ್ಕಳು ಓದಲು ಕಲಿತರು. ಆದರೆ ಬಂದ ಮಕ್ಕಳೇ ಕಡಿಮೆ. ಇವೆಲ್ಲ ಸೇರಿ ಹೇಳುವುದು ಇಷ್ಟು: ಕೆಲಸ ಶಾಲೆಯ ಒಳಗೆ, ಶಾಲೆಯ ವೇಳೆಯಲ್ಲಿ, ಸಣ್ಣ ಗುಂಪಿನೊಂದಿಗೆ, ಒಂದು ನಿರ್ದಿಷ್ಟ ಗುರಿ ಇಟ್ಟುಕೊಂಡು ನಡೆಯಬೇಕು, ಕಲಿಸುವವರು ಹತ್ತಿರದವರಾಗಿರಬೇಕು, ಅವರು ಹೋದ ಮೇಲೆ ಯಾರಾದರೂ ಮುಂದುವರಿಸಬೇಕು.

ತರಗತಿಯಲ್ಲಿ ಮಾಡಬೇಕಾದ್ದು

ಹಾಗಾದರೆ ತೆಲುಗು, ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋದ ಕನ್ನಡದ ತರಬೇತಿ ಶಿಕ್ಷಕರ ಕೆಲಸ ಏನು? ಅಲ್ಲಿ ಕನ್ನಡ ಶಾಲೆ ಕಟ್ಟುವುದಲ್ಲ. ಮಗುವಿಗೆ ತಿಳಿದ ಭಾಷೆಯಿಂದ ಶಾಲೆಯ ಭಾಷೆಗೆ ದಾಟಿಸುವುದು.

ಕನ್ನಡ ಮತ್ತು ತೆಲುಗು ಲಿಪಿ ಒಂದೇ ಮೂಲದಿಂದ ಬಂದವು. ಗ, ಜ, ದ, ಬ, ರ, ಲ ಮುಂತಾದ ಅಕ್ಷರಗಳ ರೂಪ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕ, ತ, ಶ ಬೇರೆ. ಸ್ವರಚಿಹ್ನೆಗಳಲ್ಲಿ ವ್ಯತ್ಯಾಸ ಹೆಚ್ಚು. ಒಂದೇ ರೀತಿಯವನ್ನು ಮೊದಲು ಕಲಿಸಿ, ಬೇರೆಯವನ್ನು ಆಮೇಲೆ ತಂದರೆ ಮಗುವಿಗೆ ಎರಡು ವರ್ಣಮಾಲೆಯ ಭಾರ ಅನ್ನಿಸುವುದಿಲ್ಲ. ಸಂಖ್ಯೆಗಳಲ್ಲೂ ಹಾಗೇ. ಐದು, ಆರು ಎರಡೂ ಭಾಷೆಯಲ್ಲಿ ಒಂದೇ. ಮೂರು, ನಾಲ್ಕು, ಏಳು ಹತ್ತಿರ ಹತ್ತಿರ. ಒಂದು, ಎಂಟು, ಒಂಬತ್ತು, ಹತ್ತು ದೂರ. ಮಗು ಎಲ್ಲಿ ಎಡವುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಇದಕ್ಕಾಗಿ ಕಲಿಸುವವರು ಹೊರಡುವ ಮುನ್ನ ತೆಲುಗು ಓದಲು, ಬರೆಯಲು ಕಲಿತಿರಲೇಬೇಕು. ತೆಲುಗು ಬಾರದೆ ಹೋದವರು ಮಕ್ಕಳ ಪುಸ್ತಕವನ್ನೇ ಓದಲಾರರು, ಸಹೋದ್ಯೋಗಿಗಳೊಂದಿಗೂ ಬೆರೆಯಲಾರರು.

ಕನ್ನಡದ ವಿಷಯದಲ್ಲೂ ಎಚ್ಚರ ಬೇಕು. ಈ ಭಾಗದ ಮಕ್ಕಳದು ಬೀದರ್, ಸೇಡಂ ಕಡೆಯ ಕನ್ನಡ. ‘ತಿಳಿಲಿಲ್ರೀ ಸರ್’ ಎನ್ನುವ ಮಗುವಿಗೆ ಪುಸ್ತಕದ ಕನ್ನಡದಲ್ಲಿ ಉತ್ತರಿಸಿದರೆ ಅದು ಮೂರನೇ ಪರಭಾಷೆಯಂತೆ ಕೇಳಿಸೀತು. ಬೆಂಗಳೂರು, ಮೈಸೂರಿನಿಂದ ಹೋಗುವವರು ಮೊದಲ ವಾರವನ್ನು ಕೇಳಿಸಿಕೊಳ್ಳುವುದರಲ್ಲೇ ಕಳೆಯುವುದು ಒಳ್ಳೆಯದು. ಮಗುವಿನ ಮಾತನ್ನು ತಿದ್ದುವ ಚಪಲ ಬೇಡ.

ಪಾಠಕ್ಕೆ ವಸ್ತು ಊರಲ್ಲೇ ಇದೆ. ತಾಂಡೂರಿನ ನೀಲಿ ಬಂಡೆ ದೂರದೂರದ ಮನೆಗಳ ನೆಲಕ್ಕೆ ಹೋಗುತ್ತದೆ; ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಜಹೀರಾಬಾದ್ ಭಾಗದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ದಶಕಗಳಿಂದ ಸಿರಿಧಾನ್ಯ ಬೆಳೆದು ಬೀಜ ಉಳಿಸಿಕೊಂಡಿದ್ದಾರೆ. ಮಾಚನೂರಿನಲ್ಲಿ 2008ರಿಂದ ಅವರೇ ನಡೆಸುವ ಸಂಘಂ ರೇಡಿಯೊ ಇದೆ, ಮಕ್ಕಳಿಗೆ ಪಚ್ಚಸಾಲೆ ಎಂಬ ಶಾಲೆಯೂ ಇದೆ. ಹಳ್ಳಿಯ ಹೆಂಗಸರೇ ರೇಡಿಯೊ ನಡೆಸುವ ಊರಿನಲ್ಲಿ ಮಕ್ಕಳಿಗೆ ಮಾತು ಬರುವುದಿಲ್ಲ ಎಂದು ಯಾರೂ ಹೇಳಲಾರರು. ಅಜ್ಜಿ ಹೇಳಿದ ಬೀಜದ ಕಥೆಯನ್ನು ಮಗು ಕನ್ನಡದಲ್ಲಿ ಹೇಳಲಿ, ಶಿಕ್ಷಕರು ಅದನ್ನು ಗೋಡೆಯ ಮೇಲೆ ಎರಡು ಭಾಷೆಯಲ್ಲಿ ಬರೆಯಲಿ. ಅದಕ್ಕಿಂತ ಒಳ್ಳೆಯ ಪಾಠ ಪುಸ್ತಕ ಕೊಂಡರೂ ಸಿಗದು.

ಮಾಡಬಾರದ್ದು

ಸ್ವಯಂಸೇವೆಗೆ ಕೆಲವು ಅಪಾಯಗಳೂ ಇವೆ. ಅತಿ ದೊಡ್ಡದು, ಖಾಲಿ ಹುದ್ದೆಯನ್ನು ಮರೆಮಾಚುವುದು. ಪುಕ್ಕಟೆ ಕೆಲಸ ಮಾಡುವ ತರಬೇತಿ ಶಿಕ್ಷಕರು ವರ್ಷ ವರ್ಷವೂ ಬರುತ್ತಿದ್ದರೆ ಖಾಯಂ ಶಿಕ್ಷಕರು ಬೇಕು ಎಂಬ ಒತ್ತಡವೇ ಉಳಿಯುವುದಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಕನಿಷ್ಠ ಇಬ್ಬರು ಶಿಕ್ಷಕರು ಇರಬೇಕು. ಆ ಲೆಕ್ಕದಲ್ಲಿ ಸ್ವಯಂಸೇವಕರನ್ನು ಸೇರಿಸಕೂಡದು. ಮುಖ್ಯೋಪಾಧ್ಯಾಯರು ಇಡೀ ತರಗತಿಯನ್ನು ಒಪ್ಪಿಸಿ ಬೇರೆ ಕೆಲಸಕ್ಕೆ ಹೊರಟರೆ, ವಿನಯದಿಂದಲೇ ಇಲ್ಲ ಎನ್ನಬೇಕು.

ಎರಡನೆಯದು, ಅರ್ಧಕ್ಕೆ ಬಿಟ್ಟು ಬರುವುದು. ಎರಡು ವಾರ ಇದ್ದು, ಹಾಡು ಕಲಿಸಿ, ಬಿಸ್ಕತ್ತು ಹಂಚಿ, ಪ್ರಮಾಣಪತ್ರ ಪಡೆದು ಬರುವ ಸೇವೆ ಮಗುವಿಗಿಂತ ಹೋದವರಿಗೇ ಹೆಚ್ಚು ಉಪಯೋಗ. ಶ್ರೀಮಂತ ದೇಶಗಳ ವಿದ್ಯಾರ್ಥಿಗಳು ರಜೆಯಲ್ಲಿ ನೇಪಾಳ, ಕಾಂಬೋಡಿಯಕ್ಕೆ ಹೋಗಿ ಮಾಡುವ ಇಂಥ ಸೇವೆಯ ಬಗ್ಗೆ ಜಗತ್ತಿನಾದ್ಯಂತ ಟೀಕೆ ಇದೆ. ಹತ್ತಿರದ ಊರು ಎಂಬ ಕಾರಣಕ್ಕೆ ನಾವು ಆ ಟೀಕೆಯಿಂದ ತಪ್ಪಿಸಿಕೊಳ್ಳಲಾಗದು.

ಮೂರನೆಯದು ಮಕ್ಕಳ ಸುರಕ್ಷತೆ. ಶಾಲೆ ಹೊರಗಿನವರನ್ನು ಒಳಗೆ ಬಿಡುವಾಗ ಗುರುತು, ಕಾಲೇಜಿನ ಪತ್ರ, ಹಿನ್ನೆಲೆ ಪರಿಶೀಲನೆ ಕೇಳಲೇಬೇಕು. ಕೇಳಿದರೆ ಹೋದವರು ಬೇಸರಿಸಬಾರದು. ಮಕ್ಕಳ ಫೋಟೊ, ವಿಡಿಯೊ ತೆಗೆದು ಜಾಲತಾಣಕ್ಕೆ ಹಾಕುವುದು ಬೇಡ. ಹೊಡೆಯುವುದು, ಅವಮಾನಿಸುವುದು ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಸ್ವಯಂಸೇವಕರೂ ಇದನ್ನು ಪಾಲಿಸಲೇಬೇಕು.

ನಾಲ್ಕನೆಯದು, ಗಡಿ ವಿವಾದವನ್ನು ತರಗತಿಗೆ ತರುವುದು. ಈ ಊರು ಯಾರದಾಗಬೇಕಿತ್ತು ಎಂಬ ಚರ್ಚೆಗೆ ಬೇರೆ ಜಾಗಗಳಿವೆ. ಆ ಮಗು ತೆಲಂಗಾಣದಲ್ಲಿ ಬೆಳೆದು, ಅಲ್ಲೇ ಪರೀಕ್ಷೆ ಬರೆದು, ಅಲ್ಲೇ ಕೆಲಸ ಹುಡುಕಬೇಕು. ತೆಲುಗಿನ ಮೇಲೆ ಅಸಡ್ಡೆ ಹುಟ್ಟಿಸಿದ ಶಿಕ್ಷಕರು ಮಗುವಿಗೆ ಉಪಕಾರ ಮಾಡಿದಂತಾಗುವುದಿಲ್ಲ.

ಹಿಂದಿನವರು ನಿಂತು ಮಾಡಿದ ಕೆಲಸ

ನಿಜಾಮರ ಆಳ್ವಿಕೆಯಲ್ಲಿ ಶಿಕ್ಷಣದ ಭಾಷೆ ಮುಖ್ಯವಾಗಿ ಉರ್ದುವಾಗಿದ್ದಾಗ ಈ ಸೀಮೆಯಲ್ಲಿ ಕನ್ನಡ ಉಳಿದದ್ದು ಸ್ವಂತ ಇಚ್ಛೆಯಿಂದ ಕಲಿಸಲು ನಿಂತವರಿಂದ. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಆರಂಭವಾಯಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದರು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಬೀದರ್ ಜಿಲ್ಲೆಯಲ್ಲಿ ಮನೆಮಾತು. ಅವರ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಅವರು ಬಂದು ಹೋದವರಲ್ಲ. ಕೆಲಸವನ್ನು ಸಂಸ್ಥೆಯಾಗಿಸಿದರು, ಸಂಸ್ಥೆಯಿಂದ ಮುಂದಿನ ಶಿಕ್ಷಕರು ಬಂದರು. ಇಂದಿನ ಸ್ವಯಂಸೇವೆಯನ್ನು ಅಳೆಯಬೇಕಾದ ಮಾನದಂಡ ಇದೇ.

ಸರ್ಕಾರ ಮತ್ತು ವಿಶ್ವವಿದ್ಯಾಲಯಗಳ ಪಾಲು

ಒಬ್ಬೊಬ್ಬ ವಿದ್ಯಾರ್ಥಿಯ ಒಳ್ಳೆಯತನದ ಮೇಲೆ ಇದನ್ನೆಲ್ಲ ಬಿಡಲಾಗದು. ಕೆಲವು ಕೆಲಸಗಳನ್ನು ಎರಡೂ ರಾಜ್ಯಗಳು ಸೇರಿ ಮಾಡಬಹುದು, ಅದಕ್ಕೆ ದೊಡ್ಡ ಖರ್ಚೂ ಇಲ್ಲ.

ಕಲಬುರಗಿ, ಬೀದರ್ ಭಾಗದ ವಿಶ್ವವಿದ್ಯಾಲಯಗಳು ಗಡಿಯಾಚೆಯ ಶಾಲೆಯ ಇಂಟರ್ನ್‌ಶಿಪ್ಪನ್ನು ಅಧಿಕೃತವಾಗಿ ಮಾನ್ಯ ಮಾಡಲಿ. ಕರ್ನಾಟಕ ಮತ್ತು ತೆಲಂಗಾಣದ ಶಿಕ್ಷಣ ಇಲಾಖೆಗಳು ಈ ಬಗ್ಗೆ ಒಪ್ಪಂದ ಮಾಡಿಕೊಳ್ಳಲಿ. ಒಪ್ಪಂದ ಏಕಮುಖ ಆಗಬಾರದು. ಕರ್ನಾಟಕದ ಗುರುಮಠಕಲ್, ಪಾವಗಡ, ಬಾಗೇಪಲ್ಲಿಯ ಕಡೆ ತೆಲುಗು ಮನೆಮಾತಿನ ಮಕ್ಕಳು ಕನ್ನಡ ಶಾಲೆಯಲ್ಲಿ ಇದೇ ತೊಡಕು ಅನುಭವಿಸುತ್ತಾರೆ. ಅಲ್ಲಿಗೆ ತೆಲಂಗಾಣ, ಆಂಧ್ರದ ತರಬೇತಿ ಶಿಕ್ಷಕರು ಬರಲಿ. ನಮ್ಮ ಮಕ್ಕಳಿಗೆ ಕೇಳುವ ನ್ಯಾಯವನ್ನು ನಾವೂ ಕೊಡಲು ಸಿದ್ಧರಿರಬೇಕು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಕನ್ನಡ ಅಭಿವೃದ್ಧಿ ಪ್ರಾಧಿಕಾರದಂಥ ಸಂಸ್ಥೆಗಳು ಕಟ್ಟಡ, ಸಮಾರಂಭಗಳ ಜತೆಗೆ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಹುಡುಗ ಹುಡುಗಿಯರು ಕನ್ನಡದಲ್ಲಿ ಡಿ.ಎಲ್.ಇಡಿ. ಓದಲು ವಿದ್ಯಾರ್ಥಿವೇತನ ಕೊಡಲಿ. ಬೀದರ್‌ನಲ್ಲಿ ಓದಿ, ತೆಲಂಗಾಣದ ಅರ್ಹತಾ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು, ಸ್ಥಳೀಯ ಅಭ್ಯರ್ಥಿಯಾಗಿ ತಮ್ಮದೇ ಜಿಲ್ಲೆಯ ಹುದ್ದೆಗೆ ಅರ್ಜಿ ಹಾಕಲು ಅವರಿಗೆ ಮಾತ್ರ ಸಾಧ್ಯ. 371ಡಿ ವಿಧಿ ಹೊರಗಿನವರಿಗೆ ಅಡ್ಡಿಯಾದರೂ ಅವರಿಗೆ ರಕ್ಷೆ. ಇತ್ತ ತೆಲಂಗಾಣ ಸರ್ಕಾರವೂ ಪ್ರತಿ ಶಾಲೆಯಲ್ಲಿ ಕನ್ನಡ ಮನೆಮಾತಿನ ಮಕ್ಕಳು ಎಷ್ಟಿದ್ದಾರೆ ಎಂದು ಪ್ರತಿ ವರ್ಷ ಎಣಿಸಿ ಪ್ರಕಟಿಸಬೇಕು. ಎಣಿಕೆ ಇಲ್ಲದೆ 10 ಮತ್ತು 40ರ ಲೆಕ್ಕಕ್ಕೆ ಅರ್ಥವಿಲ್ಲ.

ತರಬೇತಿ ವಿದ್ಯಾರ್ಥಿಗಳಿಗೆ ಒಂದು ಮಾತು. ಗಡಿಯಾಚೆಗೆ ಹೋಗುವ ಮನಸ್ಸಿದ್ದರೆ ಖಂಡಿತ ಹೋಗಿ. ಹೊರಡುವ ಮುನ್ನ ತೆಲುಗು ಓದಲು ಕಲಿಯಿರಿ, ಲಿಖಿತ ಅನುಮತಿ ಪಡೆಯಿರಿ, ಒಂದು ಅವಧಿ ಪೂರ್ತಿ ಇರುವ ನಿರ್ಧಾರ ಮಾಡಿ. ಅಲ್ಲಿರುವಾಗ ಹತ್ತನೇ ತರಗತಿ ಮುಗಿಸಿದ, ಕನ್ನಡ ಬಲ್ಲ ಸ್ಥಳೀಯ ಯುವತಿಯೊಬ್ಬಳನ್ನು ಗುರುತಿಸಿ ಶಿಕ್ಷಕ ತರಬೇತಿಯ ದಾರಿ ತೋರಿಸಿ. ನಿಮ್ಮ ಹದಿನಾರು ವಾರದ ಪಾಠಕ್ಕಿಂತ ಅವಳು ಆ ಊರಿನಲ್ಲಿ ಮಾಡುವ ಮೂವತ್ತು ವರ್ಷದ ಪಾಠ ದೊಡ್ಡದು.